ಮ್ಯಾಡ್ರಿಡ್‌ಗೆ ಓದಲು ಹೋದ ಮಗ

ಮಕ್ಕಳನ್ನು ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ವಿರಳವಲ್ಲ. ಹೊರಡುವ ಮುನ್ನ ಪೂಜೆ ಹೇಳಿಸುತ್ತಾರೆ; ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲೇ ಜಪಸರವನ್ನೂ ಇಡುತ್ತಾರೆ. ಬ್ಯಾಂಕಿನ ಸಾಲ, ವೀಸಾ, ವಿಮಾನದ ಟಿಕೆಟು ಎಲ್ಲವೂ ಸಿದ್ಧವಾದ ಮೇಲೆ ತಾಯಂದಿರು ದನಿ ತಗ್ಗಿಸಿ ಒಂದು ಮಾತು ಕೇಳುತ್ತಾರೆ: “ಫಾದರ್, ಅಲ್ಲಿಗೆ ಹೋದ ಮೇಲೆ ಇವನು ದೇವರನ್ನು ಮರೆತುಬಿಟ್ಟರೆ?”

ಇದು ಕ್ಷುಲ್ಲಕ ಭಯವಲ್ಲ. ಆದರೆ ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ವಿಶ್ವಾಸಕ್ಕೆ ಅಪಾಯವಿರುವುದು ಅಲ್ಲಿ, ಇಲ್ಲಿ ಅಲ್ಲ. ಪರದೇಶದ ಗಾಳಿ ಮನಸ್ಸನ್ನು ಕೆಡಿಸುತ್ತದೆ, ಊರಿನ ಗಾಳಿ ಪರಿಶುದ್ಧ ಎಂಬ ಊಹೆ ಅದು. ಹೇಳದೆಯೇ ಒಪ್ಪಿಕೊಂಡ ಆಧಾರವಾಕ್ಯವನ್ನು ಮೊದಲು ಪರೀಕ್ಷಿಸಬೇಕೆಂದು ತರ್ಕಶಾಸ್ತ್ರ ಕಲಿಸುತ್ತದೆ. ಆ ಪರೀಕ್ಷೆಗಾಗಿ ನಾವು ಇಂದು ಒಬ್ಬ ವಿದ್ಯಾರ್ಥಿಯ ಕಥೆಯನ್ನು ವಾಚಕರ ಮುಂದಿಡುತ್ತೇವೆ. ಅವನು ಏಷ್ಯದವನು, ಕಥೋಲಿಕನು. ಓದಲು ಹೋದದ್ದು ಅನ್ಯಧರ್ಮೀಯರ ನಾಡಿಗಲ್ಲ, ಕಥೋಲಿಕ ಸ್ಪೇನಿಗೆ. ಆದರೂ ಅವನ ವಿಶ್ವಾಸ ಅಲ್ಲಿ ಅಲುಗಾಡಿತು. ಅವನ ಹೆಸರು ಹೊಸೆ ರಿಸಾಲ್. ಫಿಲಿಪ್ಪೀನ್ಸಿನ ಜನತೆ ಇಂದು ತಮ್ಮ ರಾಷ್ಟ್ರವೀರನೆಂದು ಗೌರವಿಸುವುದು ಇವನನ್ನೇ.

ರಿಸಾಲ್ ಹುಟ್ಟಿದ್ದು 1861ರ ಜೂನ್ 19ರಂದು, ಮನಿಲಾದ ದಕ್ಷಿಣಕ್ಕಿರುವ ಕಲಾಂಬಾ ಎಂಬ ಊರಿನಲ್ಲಿ. ಫಿಲಿಪ್ಪೀನ್ಸ್ ಆಗ ಸ್ಪೇನಿನ ವಸಾಹತು. ಊರಿನ ಜಮೀನು ದೊಮಿನಿಕ್ ಸಭೆಯ ಸನ್ಯಾಸಿಗಳದ್ದು; ರಿಸಾಲನ ತಂದೆ ಅದರ ಗೇಣಿದಾರ. ಹನ್ನೊಂದು ಮಕ್ಕಳಲ್ಲಿ ಇವನು ಏಳನೆಯವನು. ತಾಯಿ ತೆಯೋದೋರಾ ಅಲೋನ್ಸೊ ವಿದ್ಯಾವಂತೆ, ಭಕ್ತೆ. ಅಕ್ಷರವನ್ನೂ ಜಪವನ್ನೂ ಮಗನಿಗೆ ಒಟ್ಟಿಗೇ ಕಲಿಸಿದವರು ಅವರು.

ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಆ ತಾಯಿಯ ಮೇಲೆ, ನಾದಿನಿಗೆ ವಿಷವಿಕ್ಕಲು ಯತ್ನಿಸಿದರೆಂಬ ಸುಳ್ಳು ಆರೋಪ ಬಂತು. ಕಲಾಂಬಾದಿಂದ ಸಾಂತಾ ಕ್ರೂಸ್‌ನ ಸೆರೆಮನೆಯವರೆಗೆ, ಸುಮಾರು 50 ಕಿಲೋಮೀಟರು, ಅವರನ್ನು ನಡೆಸಿಕೊಂಡು ಹೋದರು. ಸುಮಾರು ಎರಡೂವರೆ ವರ್ಷ ಸೆರೆಯಲ್ಲಿದ್ದ ಬಳಿಕ ನಿರ್ದೋಷಿಯೆಂದು ಬಿಡುಗಡೆಯಾಯಿತು. ಆ ಎರಡೂವರೆ ವರ್ಷಕ್ಕೆ ಯಾರೂ ಲೆಕ್ಕ ಕೊಡಲಿಲ್ಲ.

ಇನ್ನೊಂದು ಘಟನೆ ಅದಕ್ಕಿಂತಲೂ ಆಳಕ್ಕೆ ಇಳಿಯಿತು. 1872ರ ಜನವರಿಯಲ್ಲಿ ಕವೀತೆಯ ಸೈನಿಕ ಠಾಣ್ಯದಲ್ಲಿ ಒಂದು ದಂಗೆಯಾಯಿತು. ಅದರ ನೆಪದಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಗುರುಗಳನ್ನು ಸರಕಾರ ಹಿಡಿದು, ಫೆಬ್ರುವರಿ 17ರಂದು ಮನಿಲಾದ ಬಯಲಿನಲ್ಲಿ ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದು ಕೊಂದಿತು. ಗೋಮೆಸರಿಗೆ 72 ವರ್ಷ, ಬುರ್ಗೋಸರಿಗೆ 35. ಇವರು ಧರ್ಮಪ್ರಾಂತದ ಸ್ಥಳೀಯ ಗುರುಗಳು. ಧರ್ಮಕೇಂದ್ರಗಳನ್ನು ಸ್ಪೇನಿನ ಸನ್ಯಾಸಿಗಳೇ ಹಿಡಿದುಕೊಂಡಿರಬಾರದು, ಈ ಮಣ್ಣಿನ ಗುರುಗಳಿಗೂ ಒಪ್ಪಿಸಬೇಕು ಎಂಬ ಬೇಡಿಕೆಯೊಂದಿಗೆ ಇವರ ಹೆಸರು ಕೂಡಿಕೊಂಡಿತ್ತು. ಗಲ್ಲಿಗೇರಿಸುವ ಮುನ್ನ ಇವರ ಗುರುಪದವಿಯನ್ನು ಕಳಚಬೇಕೆಂದು ಸರಕಾರ ಕೇಳಿದಾಗ ಮನಿಲಾದ ಮಹಾಧರ್ಮಾಧ್ಯಕ್ಷರು ನಿರಾಕರಿಸಿದರು ಎಂಬುದನ್ನು ಇಲ್ಲಿ ಹೇಳಲೇಬೇಕು, ಅವರೂ ಸ್ಪೇನಿನವರೇ. (2023ರಲ್ಲಿ ಈ ಮೂವರ ಕುರಿತು ಬಂದ ಚಲನಚಿತ್ರವನ್ನು ನಿರ್ಮಿಸಿದ್ದು ಫಿಲಿಪ್ಪೀನ್ಸಿನ ಯೇಸುಸಭೆಯವರ ಸಂಸ್ಥೆ.) ರಿಸಾಲನ ಅಣ್ಣ ಪಾಸಿಯಾನೊ ಬುರ್ಗೋಸರ ಮನೆಯಲ್ಲಿದ್ದುಕೊಂಡು ಓದುತ್ತಿದ್ದವನು. ಗುರುವಿನ ಸಾವಿನ ಸುದ್ದಿಯನ್ನು ಅವನು ಮನೆಗೆ ತಂದನು.

ಅದೇ ವರ್ಷ ತಮ್ಮನನ್ನು ಮನಿಲಾದ ಅತೆನೆಯೊ ಶಾಲೆಗೆ ಸೇರಿಸಿದರು. ಅಣ್ಣನ ಮೇಲೆ ಸರಕಾರದ ಕಣ್ಣಿದ್ದುದರಿಂದ, ಮನೆತನದ ಮೆರ್ಕಾದೊ ಎಂಬ ಹೆಸರನ್ನು ಬಿಟ್ಟು ರಿಸಾಲ್ ಎಂಬ ಹೆಸರಿನಲ್ಲಿ ಅವನು ದಾಖಲಾದನು. ಶಾಲೆ ಯೇಸುಸಭೆಯ ಗುರುಗಳದ್ದು. ಅಲ್ಲಿ ಅವನು ಪ್ರಥಮ ದರ್ಜೆಯ ವಿದ್ಯಾರ್ಥಿ, ಮರಿಯಮಾತೆಯ ಸೊಡಾಲಿಟಿಯ ಕಾರ್ಯದರ್ಶಿ. ಒಬ್ಬ ಗುರುಗಳು ಕೇಳಿಕೊಂಡರೆಂದು ಮರದ ತುಂಡೊಂದನ್ನು ಕಿರುಗತ್ತಿಯಿಂದ ಕೆತ್ತಿ ಯೇಸುವಿನ ಪವಿತ್ರ ಹೃದಯದ ಪುಟ್ಟ ಪ್ರತಿಮೆಯನ್ನು ಮಾಡಿಕೊಟ್ಟನು. ವಾಚಕರು ಈ ಪ್ರತಿಮೆಯನ್ನು ನೆನಪಿನಲ್ಲಿಡಬೇಕು.

1877ರಲ್ಲಿ ಅವನು ಪದವಿ ಪಡೆದಾಗ ಮುಂದಿನ ಓದಿಗೆ ಅಡ್ಡ ಬಂದವರು ತಾಯಿ. ಇವನು ಇನ್ನೂ ಹೆಚ್ಚು ಕಲಿತರೆ ಇವನ ತಲೆಯನ್ನೇ ತೆಗೆಯುತ್ತಾರೆ ಎಂದು ಅವರು ಗಂಡನಿಗೆ ಹೇಳಿದ್ದನ್ನು ಮಗನೇ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ತಾಯಿಯ ಕರುಳಿಗೆ ತಿಳಿಯುವುದು ತರ್ಕಕ್ಕೆ ನಿಧಾನವಾಗಿ ತಿಳಿಯುತ್ತದೆ.

ಆದರೂ ಮಗ ದೊಮಿನಿಕ್ ಸಭೆಯವರ ಸಂತ ತೋಮಾಸರ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದನು. ಅಲ್ಲಿ ನೆಮ್ಮದಿ ಸಿಗಲಿಲ್ಲ. 1882ರ ಮೇ 3ರಂದು, ತಂದೆತಾಯಿಗೆ ತಿಳಿಸದೆ, ಅಣ್ಣ ಕೊಟ್ಟ 356 ಪೆಸೊ ಹಣ ಮತ್ತು ಅಕ್ಕ ಕೊಟ್ಟ ವಜ್ರದ ಉಂಗುರದೊಂದಿಗೆ ಹಡಗು ಹತ್ತಿದನು. ಸಿಂಗಪುರದಲ್ಲಿ ಹಡಗು ಬದಲಿಸಿ, ಸಿಂಹಳದ ಗಾಲ್ ಮತ್ತು ಕೊಲಂಬೋ ಬಂದರುಗಳನ್ನು ಮುಟ್ಟಿ, ಏಡನ್, ಸೂಯೆಜ್ ಕಾಲುವೆ, ನೇಪಲ್ಸ್ ದಾಟಿ ಮಾರ್ಸೇಲ್ಸ್‌ನಲ್ಲಿ ಇಳಿದು, ರೈಲಿನಲ್ಲಿ ಬಾರ್ಸಿಲೋನಾ ತಲುಪಿದಾಗ ಜೂನ್ ಮಧ್ಯಭಾಗ. ಅವನಿಗಿನ್ನೂ 21 ತುಂಬಿರಲಿಲ್ಲ. ಆ ಶರತ್ಕಾಲದಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿಯ ಕೇಂದ್ರ ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಿದನು.

ಒಂದಲ್ಲ, ಎರಡು ವಿಭಾಗಗಳಲ್ಲಿ! ವೈದ್ಯಶಾಸ್ತ್ರ ಒಂದು, ತತ್ತ್ವಶಾಸ್ತ್ರ ಮತ್ತು ಸಾಹಿತ್ಯ ಇನ್ನೊಂದು. ಅದು ಸಾಲದೆಂದು ಸಾನ್ ಫೆರ್ನಾಂದೊ ಕಲಾಶಾಲೆಯಲ್ಲಿ ಚಿತ್ರಕಲೆ, ಬಿಡುವಿನಲ್ಲಿ ಫ್ರೆಂಚ್, ಜರ್ಮನ್, ಇಂಗ್ಲಿಷ್ ಭಾಷೆಗಳು, ಜೊತೆಗೆ ಕತ್ತಿವರಸೆ. ಇಂದಿನ ನಮ್ಮ ವಿದ್ಯಾರ್ಥಿಗಳು ಇದನ್ನು ಓದಿ ನಿಟ್ಟುಸಿರು ಬಿಟ್ಟರೆ ತಪ್ಪಿಲ್ಲ. ಆದರೆ ಹಣದ ವಿಷಯಕ್ಕೆ ಬಂದರೆ ಅವನ ಅನುಭವ ಇವರದಕ್ಕಿಂತ ಬೇರೆಯಲ್ಲ. ಊರಿನಲ್ಲಿ ಬೆಳೆ ಕೈಕೊಟ್ಟಿತು. ಗೇಣಿ ಮಾತ್ರ ತಗ್ಗಲಿಲ್ಲ. ತಿಂಗಳ ಹಣ ಕಡಿಮೆಯಾಯಿತು, ಕೆಲವೊಮ್ಮೆ ತಡವಾಯಿತು. ತಮ್ಮ ಊರಿನಲ್ಲಿ ಬಿಟ್ಟುಬಂದಿದ್ದ ಕುದುರೆಯನ್ನು ಅಣ್ಣ ಮಾರಿ ಹಣ ಕಳುಹಿಸಬೇಕಾಯಿತು. ಚಳಿಯ ಆ ಊರಿನಲ್ಲಿ ಸ್ನಾನಕ್ಕೂ ಕಾಸು ಕೊಡಬೇಕು. ಆದ್ದರಿಂದ ತಾನು ತಿಂಗಳುಗಟ್ಟಲೆ ಸ್ನಾನ ಮಾಡಿಲ್ಲವೆಂದು ಮನೆಗೆ ಪತ್ರ ಬರೆದನು. ದಿನವೂ ಮೀಯುವ ಬೆಚ್ಚನೆಯ ನಾಡಿನಿಂದ ಬಂದವನಿಗೆ ಇದೆಷ್ಟು ಕಷ್ಟವೆಂಬುದು ನಮ್ಮ ಕರಾವಳಿಯ ಮಂದಿಗೆ ಹೇಳಬೇಕಾಗಿಲ್ಲ. ಹಳೆಯ ಪುಸ್ತಕದಂಗಡಿಗಳ ಮೋಹ ಮಾತ್ರ ಬಿಡಲಿಲ್ಲ. ಲಾಟರಿ ಚೀಟಿ ಕೊಳ್ಳುವ ಚಟವೂ ಇತ್ತು. ಅದನ್ನು ನಾವು ಮೆಚ್ಚುವುದಿಲ್ಲ. ಆದರೆ ಬಡ ವಿದ್ಯಾರ್ಥಿಯ ಆಸೆ ಅರ್ಥವಾಗುತ್ತದೆ.

1884ರ ಜೂನ್ 25ನೇ ದಿನ ಅವನ ವಿದ್ಯಾರ್ಥಿಜೀವನದ ಎಲ್ಲವನ್ನೂ ತನ್ನಲ್ಲಿ ಅಡಗಿಸಿಕೊಂಡಿದೆ. ಅಂದು ಗ್ರೀಕ್ ಭಾಷೆಯ ಸ್ಪರ್ಧೆ. ಅವನ ಕೈಯಲ್ಲಿ ಬಿಡಿಗಾಸಿರಲಿಲ್ಲ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಸಿದ ಹೊಟ್ಟೆಯಲ್ಲೇ ಹೋಗಿ ಬರೆದು ಮೊದಲ ಬಹುಮಾನ ಗೆದ್ದನು. ಅಂದೇ ಸಂಜೆ ಮ್ಯಾಡ್ರಿಡ್‌ನ ಒಂದು ಭೋಜನಶಾಲೆಯಲ್ಲಿ ಔತಣ. ರಾಷ್ಟ್ರೀಯ ಚಿತ್ರಕಲಾ ಪ್ರದರ್ಶನದಲ್ಲಿ ಇಬ್ಬರು ಫಿಲಿಪ್ಪೀನೊ ಕಲಾವಿದರು, ಹ್ವಾನ್ ಲೂನಾ ಮತ್ತು ಇದಾಲ್ಗೊ, ಸ್ಪೇನಿನವರನ್ನೇ ಹಿಂದೆ ಹಾಕಿ ಪದಕ ಗಳಿಸಿದ್ದರು. ಲೂನಾಗೆ ಚಿನ್ನ ತಂದುಕೊಟ್ಟದ್ದು, ಪ್ರಾಚೀನ ರೋಮಿನ ಅಖಾಡದಿಂದ ಸತ್ತ ಹೋರಾಟಗಾರರನ್ನು ಎಳೆದೊಯ್ಯುವ ಚಿತ್ರ. ಅವರನ್ನು ಅಭಿನಂದಿಸಲು ಎದ್ದು ನಿಂತ ರಿಸಾಲ್, ಪ್ರತಿಭೆ ಯಾವ ಒಂದು ಜನಾಂಗದ ಸ್ವತ್ತೂ ಅಲ್ಲವೆಂದು ಮಾತನಾಡಿದನು. ಆ ಕ್ಯಾನ್ವಾಸಿನಲ್ಲಿ ಎಳೆಯಲ್ಪಡುತ್ತಿದ್ದವರು ಯಾರೆಂಬುದು ಅಲ್ಲಿ ಕುಳಿತ ಫಿಲಿಪ್ಪೀನೊ ತರುಣರಿಗೆ ತಿಳಿಯದೆ ಇರಲಿಲ್ಲ.

ಎಲ್ಲರೂ ಅವನಂತಿರಲಿಲ್ಲ. ಆ ವರ್ಷದ ಆರಂಭದಲ್ಲಿ, ತಮ್ಮ ನಾಡಿನ ಬದುಕನ್ನು ಕುರಿತು ಎಲ್ಲರೂ ಸೇರಿ ಒಂದು ಕಾದಂಬರಿ ಬರೆಯೋಣವೆಂದು ಅವನು ಗೆಳೆಯರಿಗೆ ಸೂಚಿಸಿದ್ದನು. ಎಲ್ಲರೂ ಹೂಂ ಎಂದರು. ಬರೆಯುವ ಹೊತ್ತಿಗೆ ಕೆಲವರಿಗೆ ಹೆಣ್ಣುಗಳ ವಿಷಯವೇ ಬೇಕಾಯಿತು, ಇನ್ನು ಕೆಲವರು ಇಸ್ಪೀಟಿನ ಮೇಜು ಬಿಟ್ಟು ಏಳಲಿಲ್ಲ. ಕೊನೆಗೆ ಅವನೊಬ್ಬನೇ ಬರೆಯತೊಡಗಿದನು. ತಂದೆತಾಯಿಯ ಹಣದಲ್ಲಿ ಪರದೇಶಕ್ಕೆ ಹೋಗಿ ಇಸ್ಪೀಟು ಆಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ವಿಶ್ವಾಸದ ಬಗ್ಗೆ ಮಾತ್ರ ಯಾರೂ ಚಿಂತೆ ಮಾಡುವಂತೆ ಕಾಣುವುದಿಲ್ಲ.

ಮ್ಯಾಡ್ರಿಡ್‌ನಲ್ಲಿ ಅವನನ್ನು ಬೆರಗುಗೊಳಿಸಿದ್ದು ಕಟ್ಟಡಗಳಲ್ಲ. ಊರಿನಲ್ಲಿ ಬಾಯಿ ಬಿಟ್ಟರೆ ಗಡಿಪಾರು ಮಾಡುವ ಮಾತುಗಳನ್ನು ಇಲ್ಲಿ ಪತ್ರಿಕೆಗಳು ನಿತ್ಯವೂ ಅಚ್ಚು ಹಾಕುತ್ತಿದ್ದವು. ಅದೇ ರಾಜ, ಅದೇ ಧರ್ಮ. ಆದರೆ ಸ್ಪೇನಿನ ಪ್ರಜೆಗಿದ್ದ ಹಕ್ಕು ಫಿಲಿಪ್ಪೀನೊವಿಗಿರಲಿಲ್ಲ. 1837ರಿಂದ ಸ್ಪೇನಿನ ಸಂಸತ್ತಿನಲ್ಲಿ ಫಿಲಿಪ್ಪೀನ್ಸಿಗೆ ಒಂದು ಪೀಠವೂ ಇರಲಿಲ್ಲ. ಹೀಗಿರುವಾಗ, ಪ್ರಾಧ್ಯಾಪಕರಾದ ಮಿಗೆಲ್ ಮೊರಾಯ್ತಾ ಎಂಬವರು ಬೋಧಕನ ಸ್ವಾತಂತ್ರ್ಯವನ್ನು ಎತ್ತಿಹಿಡಿದು ಭಾಷಣ ಮಾಡಿದರು. ಕೆಲವು ಧರ್ಮಾಧ್ಯಕ್ಷರು ಅದನ್ನು ಖಂಡಿಸಿದರು. 1884ರ ನವೆಂಬರ್ 20ರಿಂದ ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರು ಲಾಠಿ ಬೀಸಿದರು. ರಿಸಾಲ್ ಕೂಡ ಆ ಗುಂಪಿನಲ್ಲಿದ್ದನು. ಸೆರೆ ತಪ್ಪಿಸಿಕೊಳ್ಳಲು ವೇಷ ಬದಲಿಸಿಕೊಂಡು ತಿರುಗಿದನು. ಫ್ರೀಮೇಸನ್ನರ ಸಂಘಕ್ಕೂ ಅವನು ಸೇರಿದ್ದು ಮ್ಯಾಡ್ರಿಡ್‌ನಲ್ಲಿಯೇ. ಜಗದ್ಗುರು 13ನೇ ಲಿಯೋ ಅವರು ಆ ಸಂಘವನ್ನು ಖಂಡಿಸಿ ವಿಶ್ವಪತ್ರ ಹೊರಡಿಸಿದ್ದೂ 1884ರಲ್ಲಿಯೇ. ಇದನ್ನು ನಾವು ಮುಚ್ಚಿಡುವುದಿಲ್ಲ, ಸಮರ್ಥಿಸುವುದೂ ಇಲ್ಲ.

ಔತಣಕೂಟದ ಭಾಷಣದ ಸುದ್ದಿ ಕಲಾಂಬಾ ತಲುಪಿತು. ಮಗ ಇನ್ನು ಊರಿಗೆ ಮರಳುವಂತಿಲ್ಲ ಎಂದು ಜನ ಆಡಿಕೊಂಡರು. ತಾಯಿ ಚಿಂತೆಯಿಂದ ಅಸ್ವಸ್ಥರಾದರು. ಆಮೇಲೆ ಅವರು ಬರೆದ ಪತ್ರವನ್ನು ಇಂದಿನ ಯಾವ ತಾಯಿಯೂ ತನ್ನದೆಂದೇ ತಿಳಿಯಬಹುದು. ನಿಜವಾದ ಕ್ರೈಸ್ತನ ಕರ್ತವ್ಯಗಳನ್ನು ಬಿಡಬೇಡ. ನೀನು ಬಹಳ ವಿದ್ಯೆ ಗಳಿಸುವುದಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ. ಕೆಲವೊಮ್ಮೆ ವಿದ್ಯೆಯೇ ನಮ್ಮನ್ನು ಕೇಡಿಗೆ ಒಯ್ಯುತ್ತದೆ. ಇದು ಆ ಪತ್ರದ ಸಾರಾಂಶ.

ಮಗನ ಉತ್ತರವೂ ಉಳಿದಿದೆ. ಧರ್ಮದ ಮೂಲತತ್ತ್ವಗಳಲ್ಲಿ ನಂಬಿಕೆಯನ್ನು ತಾನು ಒಂದು ಕ್ಷಣವೂ ಬಿಟ್ಟಿಲ್ಲವೆಂದು ಅವನು ತಾಯಿಗೆ ಹೇಳುತ್ತಾನೆ. ಬಾಲ್ಯದ ನಂಬಿಕೆಗಳು ಈಗ ವಿಚಾರಮಾಡಿ ತಾಳಿದ ನಿಲುವುಗಳಾಗಿವೆ. ದೇವರೇ ಕೊಟ್ಟ ಬುದ್ಧಿಯೆಂಬ ಅಮೂಲ್ಯ ವರವನ್ನು ಬಳಸಿ ಆತನ ಬಳಿಗೆ ಹೋದರೆ ಆತನು ತನ್ನನ್ನು ಶಿಕ್ಷಿಸಲಾರನು ಎಂದೂ ಬರೆಯುತ್ತಾನೆ.

ತತ್ತ್ವಶಾಸ್ತ್ರ ಓದಿದವರಿಗೆ ಈ ಎರಡು ಪತ್ರಗಳ ನಡುವೆ ತೀರ್ಪು ಕೊಡುವುದು ಸುಲಭವಲ್ಲ. ವಿಶ್ವಾಸಕ್ಕೂ ವಿವೇಕಕ್ಕೂ ನಿಜವಾದ ವಿರೋಧ ಇರಲಾರದು, ಎರಡನ್ನೂ ಕೊಟ್ಟವನು ಒಬ್ಬನೇ ದೇವರು ಎಂದು ಪ್ರಥಮ ವ್ಯಾಟಿಕನ್ ಮಹಾಸಭೆ 1870ರಲ್ಲಿಯೇ ಬೋಧಿಸಿತ್ತು. ಜಗದ್ಗುರು 2ನೇ ಜಾನ್ ಪೌಲರು 1998ರಲ್ಲಿ ಇದೇ ವಿಷಯದ ಮೇಲೆ ಇಡೀ ವಿಶ್ವಪತ್ರವನ್ನೇ ಬರೆದರು. ಆ ಮಟ್ಟಿಗೆ ಮಗನ ಮಾತು ತಪ್ಪಲ್ಲ. ಆದರೆ ಬುದ್ಧಿ ದೇವರತ್ತ ಹೋಗುವ ದಾರಿಯಾಗುವುದು ಒಂದು, ದೇವರ ಮಾತಿಗೆ ಬುದ್ಧಿಯೇ ಕೊನೆಯ ನ್ಯಾಯಾಧೀಶನಾಗುವುದು ಇನ್ನೊಂದು. ರಿಸಾಲ್ ಮುಂದಿನ ವರ್ಷಗಳಲ್ಲಿ ಎರಡನೆಯದರ ಕಡೆಗೆ ಜಾರಿದನು. ಯೇಸುಸಭೆಯ ಪಾಸ್ತೆಲ್ಸ್ ಸ್ವಾಮಿಗಳೊಂದಿಗೆ 1892-93ರಲ್ಲಿ ನಡೆಸಿದ ಪತ್ರವ್ಯವಹಾರದಲ್ಲಿ ಅವನು ದೇವರನ್ನು ಒಪ್ಪುತ್ತಾನೆ, ಧರ್ಮಸಭೆಯ ಅಧಿಕಾರವನ್ನು ಒಪ್ಪುವುದಿಲ್ಲ. ತಾಯಿಯ ಭಯ ನಿಜವಾಯಿತೆಂದೇ ಹೇಳಬೇಕು.

ಹಾಗಾದರೆ ಮ್ಯಾಡ್ರಿಡ್ ಅವನನ್ನು ಕೆಡಿಸಿತೇ? ಇದಕ್ಕೆ ಅವನೇ ಉತ್ತರ ಕೊಟ್ಟಿದ್ದಾನೆ. 1889ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಅವನು ಹೇಳುವುದು ಇಷ್ಟು: 1872 ನಡೆಯದೆ ಹೋಗಿದ್ದರೆ ತಾನು ಇಂದು ಯೇಸುಸಭೆಯ ಗುರುವಾಗಿರುತ್ತಿದ್ದೆ, ತಾನು ಬರೆದ ಕಾದಂಬರಿಗೆ ತದ್ವಿರುದ್ಧವಾದುದನ್ನು ಬರೆಯುತ್ತಿದ್ದೆ, ಆ ಅನ್ಯಾಯಗಳನ್ನು ಕಂಡು ಎಳೆಯ ವಯಸ್ಸಿನಲ್ಲೇ ತನ್ನ ಮನಸ್ಸು ಎಚ್ಚೆತ್ತಿತು.

ಈ ಪತ್ರವನ್ನು ಗುರುಮಠಗಳಲ್ಲಿ ಓದಿಸಬೇಕೆಂಬುದು ನಮ್ಮ ಅಭಿಪ್ರಾಯ. ಹಡಗು ಹತ್ತಿದಾಗ ಅವನ ಪೆಟ್ಟಿಗೆಯಲ್ಲಿ ಮೂವರು ಗುರುಗಳ ಸಾವಿತ್ತು. ತಾಯಿ ನಡೆದ 50 ಕಿಲೋಮೀಟರಿತ್ತು. ಧರ್ಮದ ಹೆಸರಿನಲ್ಲಿ ವಸೂಲಾಗುವ ಗೇಣಿಯಿತ್ತು. ಮ್ಯಾಡ್ರಿಡ್ ಅವುಗಳಿಗೆ ಮಾತು ಕೊಟ್ಟಿತು, ಅಷ್ಟೆ. ಮಕ್ಕಳು ಹನ್ನೆರಡು ವರ್ಷ ಧರ್ಮೋಪದೇಶದ ತರಗತಿಗೆ ಬರುತ್ತಾರೆ. ಅದೇ ಹನ್ನೆರಡು ವರ್ಷ, ದೇವಾಲಯದ ಲೆಕ್ಕಪತ್ರದ ಜಗಳವನ್ನೂ, ಬಡವರ ಸಮಾಧಿಗೂ ಸಿರಿವಂತರ ಸಮಾಧಿಗೂ ಇರುವ ವ್ಯತ್ಯಾಸವನ್ನೂ, ಮೊದಲ ಸಾಲಿನ ಬೆಂಚಿನಲ್ಲಿ ಯಾರು ಕುಳಿತುಕೊಳ್ಳುತ್ತಾರೆಂಬುದನ್ನೂ ನೋಡುತ್ತಿರುತ್ತಾರೆ. ಮಾತನಾಡುವುದಿಲ್ಲ. ಮಾತನಾಡುವ ಧೈರ್ಯ ಬರುವ ಊರಿಗೆ ಹೋದ ಮೇಲೆ ಮಾತನಾಡುತ್ತಾರೆ. ಆಗ ನಾವು ಆ ಊರನ್ನು ದೂರುತ್ತೇವೆ.

ರಿಸಾಲ್ 1884ರಲ್ಲಿ ವೈದ್ಯಶಾಸ್ತ್ರದ ಪದವಿಯನ್ನೂ, 1885ರಲ್ಲಿ ತತ್ತ್ವಶಾಸ್ತ್ರ ಮತ್ತು ಸಾಹಿತ್ಯದ ಪದವಿಯನ್ನೂ ಪಡೆದನು. ಎರಡನೆಯದು ಅತ್ಯುತ್ತಮ ದರ್ಜೆಯಲ್ಲಿ. ಅನಂತರ ಪ್ಯಾರಿಸ್ ಮತ್ತು ಹೈಡಲ್‌ಬರ್ಗ್‌ಗಳಲ್ಲಿ ನೇತ್ರಚಿಕಿತ್ಸೆ ಕಲಿತನು. ತಾಯಿಯ ದೃಷ್ಟಿ ಮಂದವಾಗುತ್ತಿತ್ತು. ಆ ಶಾಖೆಯನ್ನು ಆರಿಸಿಕೊಳ್ಳಲು ಅದೇ ಕಾರಣ. ಮುಂದೆ ಹಾಂಗ್‌ಕಾಂಗ್‌ನಲ್ಲಿ ಕುಟುಂಬದೊಂದಿಗೆ ಕೆಲಕಾಲ ಇದ್ದಾಗ ತಾಯಿಯ ಕಣ್ಣಿಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿದನು. ಮ್ಯಾಡ್ರಿಡ್‌ನಲ್ಲಿ ಆರಂಭಿಸಿದ ಕಾದಂಬರಿ ‘ನೋಲಿ ಮೆ ತಾಂಗೆರೆ’ 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು. ಅದರ ಹೆಸರು ಪುನರುತ್ಥಾನಿ ಯೇಸು ಮಗ್ದಲದ ಮರಿಯಳಿಗೆ ಹೇಳಿದ ಮಾತು. ಅದನ್ನು ಲೂಕನ ಶುಭಸಂದೇಶದಿಂದ ತೆಗೆದುಕೊಂಡೆನೆಂದು ಅವನು ಬರೆದಿದ್ದಾನೆ. ಅದಿರುವುದು ಯೊವಾನ್ನನ ಶುಭಸಂದೇಶದಲ್ಲಿ (20:17). ಸನ್ಯಾಸಿಗಳ ದಬ್ಬಾಳಿಕೆಯನ್ನು ಬಯಲಿಗೆಳೆದ ಆ ಕೃತಿಯನ್ನು ವಸಾಹತಿನಲ್ಲಿ ನಿಷೇಧಿಸಲಾಯಿತು. ಎರಡನೆಯ ಕಾದಂಬರಿಯನ್ನು (1891) ಅವನು ಅರ್ಪಿಸಿದ್ದು ಗೋಮೆಸ್, ಬುರ್ಗೋಸ್, ಸಮೋರಾ ಗುರುಗಳಿಗೆ.

ಇದರ ಬೆಲೆಯನ್ನು ಮನೆಯವರು ತೆತ್ತರು. 1889ರಲ್ಲಿ ಕಾಲರಾದಿಂದ ತೀರಿಕೊಂಡ ಅವನ ಭಾವನಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಲಾಯಿತು. 1890-91ರಲ್ಲಿ ಗೇಣಿಯ ವ್ಯಾಜ್ಯದ ಕೊನೆಗೆ ಕಲಾಂಬಾದ ಅನೇಕ ಒಕ್ಕಲುಗಳನ್ನು ಸೈನಿಕರ ನೆರವಿನಿಂದ ಹೊರಹಾಕಿದರು. ರಿಸಾಲನ ಕುಟುಂಬವೂ ಅವರಲ್ಲೊಂದು. 1892ರಲ್ಲಿ ಊರಿಗೆ ಮರಳಿದ ಅವನನ್ನು ದಕ್ಷಿಣದ ದಾಪಿತಾನ್‌ಗೆ ಗಡಿಪಾರು ಮಾಡಿದರು. ಅಲ್ಲಿ ನಾಲ್ಕು ವರ್ಷ ಅವನು ರೋಗಿಗಳ ಕಣ್ಣು ನೋಡಿದನು, ಹುಡುಗರಿಗೆ ಪಾಠ ಹೇಳಿದನು, ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟನು. 1896ರಲ್ಲಿ ಕ್ರಾಂತಿ ಸಿಡಿದಾಗ ರಾಜದ್ರೋಹದ ಆರೋಪ ಹೊರಿಸಿ ಮರಣದಂಡನೆ ವಿಧಿಸಿದರು.

ಡಿಸೆಂಬರ್ 29ರಂದು, ಕೊನೆಯ ಹಗಲಿನಲ್ಲಿ, ಅತೆನೆಯೊದ ಹಳೆಯ ಗುರುಗಳು ಸೆರೆಕೋಣೆಗೆ ಬಂದರು. ಬರುವಾಗ ಒಂದು ವಸ್ತುವನ್ನು ತಂದಿದ್ದರು: ವಿದ್ಯಾರ್ಥಿಯಾಗಿದ್ದಾಗ ಅವನು ಕೆತ್ತಿದ್ದ ಪವಿತ್ರ ಹೃದಯದ ಆ ಪ್ರತಿಮೆ. ಶಾಲೆಯವರು ಅದನ್ನು ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟಿದ್ದರು. ರಾತ್ರಿಯವರೆಗೂ ಮಾತುಕತೆ ನಡೆಯಿತು. ಅವನು ತನ್ನ ತಪ್ಪು ನಿಲುವುಗಳನ್ನು ಹಿಂತೆಗೆದುಕೊಂಡು ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದನೆಂದು ಯೇಸುಸಭೆಯ ಗುರುಗಳು ಬರೆದಿಟ್ಟಿದ್ದಾರೆ. ಅವನ ಸಹಿಯಿರುವ ಪತ್ರವೊಂದು 1935ರಲ್ಲಿ ಮನಿಲಾ ಮಹಾಧರ್ಮಪ್ರಾಂತದ ದಾಖಲೆಗಳಲ್ಲಿ ದೊರೆಯಿತು. ಅದು ಅಸಲಿಯೇ ನಕಲಿಯೇ ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. ಆ ರಾತ್ರಿ ದೇವರಿಗೂ ಅವನಿಗೂ ನಡುವೆ ನಡೆದದ್ದಕ್ಕೆ ನಾವು ಸಾಕ್ಷಿಗಳಲ್ಲ; ಗೆದ್ದೆವೆಂದು ಹೇಳಿಕೊಳ್ಳಲು ಆ ಕಾಗದವನ್ನು ಹಿಡಿದು ಆಡಿಸುವುದು ಕಥೋಲಿಕರಿಗೆ ಭೂಷಣವೂ ಅಲ್ಲ.

ಅದೇ ದಿನ ತಾಯಿ ಮಗನನ್ನು ನೋಡಲು ಬಂದರು. ಮಗ ಮೊಣಕಾಲೂರಿ ಕ್ಷಮೆ ಬೇಡಿದನು. ಅಪ್ಪಿಕೊಳ್ಳಲು ಕಾವಲುಗಾರ ಬಿಡಲಿಲ್ಲ. ಮರುದಿನ, 1896ರ ಡಿಸೆಂಬರ್ 30ರ ಮುಂಜಾನೆ, ಮೂವರು ಗುರುಗಳು ಸತ್ತ ಅದೇ ಬಯಲಿನಲ್ಲಿ ಅವನಿಗೆ ಗುಂಡಿಕ್ಕಿದರು. ಅವನಿಗೂ ಆಗ 35 ವರ್ಷ. ದೇಹವನ್ನು ಮನೆಯವರಿಗೆ ಕೊಡದೆ ಪಾಕೊ ಸ್ಮಶಾನದಲ್ಲಿ ಗುಟ್ಟಾಗಿ ಹೂಳಿದರು. ಅಕ್ಕ ನರ್ಸೀಸಾ ಸ್ಮಶಾನದಿಂದ ಸ್ಮಶಾನಕ್ಕೆ ಹುಡುಕುತ್ತ ಹೋಗಿ, ಹೊಸ ಮಣ್ಣು ಕಂಡಲ್ಲಿ ನಿಂತು, ತಮ್ಮನ ಹೆಸರಿನ ಮೊದಲಕ್ಷರಗಳನ್ನು ಯಾರಿಗೂ ತಿಳಿಯದಂತೆ ಹಿಂದುಮುಂದಾಗಿ ಬರೆಸಿದ ಒಂದು ಕಲ್ಲನ್ನು ಅಲ್ಲಿ ಇಡಿಸಿದಳು.